ಹಾಡಿಯ ಬೆಳಕು ಆರದಿರಲಿ: ಬುಡಕಟ್ಟು ಜನವಸತಿಗಳ ಸೌರಶಕ್ತಿ ಅನುದಾನ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಎಲ್ಲ ಸದಸ್ಯರ ಮಾಹಿತಿಗಾಗಿ)

ಕಾಡಂಚಿನ ಹಾಡಿಗೋ ಪೋಡಿಗೋ ಸಂಜೆಯ ಹೊತ್ತು ಭೇಟಿ ನೀಡಿದ ಸದಸ್ಯರಿಗೆ ಒಂದು ದೃಶ್ಯ ಅಪರಿಚಿತವಲ್ಲ. ಮನೆಯ ಮಾಡಿನ ಮೇಲೆ ಸೌರ ಫಲಕವಿದೆ, ಗೋಡೆಯ ಮೇಲೆ ಯೋಜನೆಯ ಹೆಸರು ಬರೆದ ಫಲಕವೂ ಇದೆ. ಆದರೆ ಮನೆಯೊಳಗೆ ಬೆಳಕಿಲ್ಲ. ವಿಚಾರಿಸಿದರೆ, "ಬ್ಯಾಟರಿ ಹೋಗಿ ಎರಡು ವರ್ಷವಾಯಿತು" ಎಂಬ ಉತ್ತರ ದೊರೆಯುತ್ತದೆ. ದಾಖಲೆಯಲ್ಲಿ ಆ ಮನೆ ಬೆಳಕು ಪಡೆದ ಮನೆ. ಆದ್ದರಿಂದ ಮುಂದಿನ ಯೋಜನೆಯ ಪಟ್ಟಿಯಲ್ಲಿ ಅದರ ಹೆಸರು ಬಾರದೆ ಹೋಗುವ ಸಂಭವವೂ ಉಂಟು. ಕತ್ತಲೆಯಲ್ಲಿರುವ ಕುಟುಂಬ ಕಾಗದದ ಮೇಲೆ ಬೆಳಕಿನಲ್ಲಿರುತ್ತದೆ.

ಬುಡಕಟ್ಟು ಜನವಸತಿಗಳಿಗೆ ಸೌರಶಕ್ತಿ ಹಾಗೂ ವಿದ್ಯುತ್ ಮಿತಬಳಕೆಯ ಸೌಲಭ್ಯ ಒದಗಿಸಲು ಇಂದು ಅನುದಾನದ ಮೂಲಗಳು ಹಲವಿವೆ. ಅವುಗಳ ಬಹುಪಾಲು ಉಪಕರಣ ಅಳವಡಿಸುವುದಕ್ಕೆ ದೊರೆಯುವ ಹಣ. ಅಳವಡಿಸಿದ ಉಪಕರಣವನ್ನು ಐದನೆಯ, ಹತ್ತನೆಯ ವರ್ಷದಲ್ಲಿಯೂ ನಡೆಸುವ ಹಣ ಮತ್ತು ಹೊಣೆ ಯಾರದು ಎಂಬುದನ್ನು ಅರ್ಜಿ ಸಲ್ಲಿಸುವ ಮೊದಲೇ ತೀರ್ಮಾನಿಸಬೇಕು. ಅನುದಾನದ ದಾರಿಗಳನ್ನೂ ಈ ತೀರ್ಮಾನದ ಅಗತ್ಯವನ್ನೂ ಸದಸ್ಯರಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಇದು ಗ್ರಾಮ ಪಂಚಾಯಿತಿಯ ಕೆಲಸವೇ?

ಹೌದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಗ್ರಾಮೀಣ ವಿದ್ಯುದೀಕರಣ, ಅಸಾಂಪ್ರದಾಯಿಕ ಇಂಧನ ಮೂಲಗಳು, ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣ ಇವೆಲ್ಲವೂ ಆ ಪಟ್ಟಿಯಲ್ಲಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಒಂದನೆಯ ಅನುಸೂಚಿ ಇನ್ನೂ ಸ್ಪಷ್ಟವಾಗಿದೆ. ಅಸಾಂಪ್ರದಾಯಿಕ ಇಂಧನ ಯೋಜನೆಗಳ ಉತ್ತೇಜನ, ಅಂತಹ ಸಾಮುದಾಯಿಕ ಸಾಧನಗಳ ನಿರ್ವಹಣೆ, ಸುಧಾರಿತ ಒಲೆ ಹಾಗೂ ಇಂಧನ ಉಳಿಸುವ ಸಾಧನಗಳ ಪ್ರಚಾರ ಇವು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳು. ಉತ್ತೇಜನದ ಜೊತೆಗೆ ನಿರ್ವಹಣೆ ಎಂಬ ಮಾತನ್ನೂ ಕಾನೂನು ಹೇಳಿರುವುದನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು.

ನಮ್ಮ ರಾಜ್ಯದಲ್ಲಿ ಐದನೆಯ ಅನುಸೂಚಿಯ ಪ್ರದೇಶಗಳು ಘೋಷಣೆಯಾಗಿಲ್ಲ. ಆದ್ದರಿಂದ ಅನುಸೂಚಿತ ಪ್ರದೇಶಗಳಿಗೆ ಸಂಬಂಧಿಸಿದ 1996ರ ಪಂಚಾಯಿತಿ ವಿಸ್ತರಣಾ ಕಾಯ್ದೆ ಇಲ್ಲಿ ಅನ್ವಯಿಸುವುದಿಲ್ಲ. ಹಾಡಿಯ ಜನರ ಮಾತಿಗೆ ಕಾನೂನಿನ ಬಲ ದೊರೆಯುವುದು ಎರಡು ಕಡೆಯಿಂದ: ಮೇಲೆ ಹೇಳಿದ 1993ರ ಅಧಿನಿಯಮದ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳಿಂದ, ಹಾಗೂ 2006ರ ಅರಣ್ಯ ಹಕ್ಕುಗಳ ಕಾಯ್ದೆಯ ಗ್ರಾಮಸಭೆಯಿಂದ. ಈ ಎರಡೂ ಸಭೆಗಳನ್ನು ಕರೆಯುವ ಹೊಣೆ ಗ್ರಾಮ ಪಂಚಾಯಿತಿಯ ಮೇಲಿದೆ.

2. ಮೊದಲು ಮನೆಗಣತಿ, ಆಮೇಲೆ ಅರ್ಜಿ

"ನಮ್ಮ ಹಾಡಿಗೆ ಸೋಲಾರ್ ಕೊಡಿ" ಎಂಬ ಒಂದು ಸಾಲಿನ ಮನವಿ ಕಚೇರಿಯಿಂದ ಕಚೇರಿಗೆ ತಿರುಗುತ್ತದೆ, ಮುಂದೆ ಸಾಗುವುದಿಲ್ಲ. ಒಂದೇ ಹಾಡಿಯಲ್ಲಿ ನಾಲ್ಕು ಬಗೆಯ ಮನೆಗಳಿರಬಹುದು. ಪ್ರತಿಯೊಂದಕ್ಕೂ ಅನುದಾನದ ದಾರಿ ಬೇರೆ.

ಮೊದಲನೆಯದು, ವಿದ್ಯುತ್ ಕಂಬ ಹತ್ತಿರದಲ್ಲಿದ್ದು ಸಂಪರ್ಕ ಮಾತ್ರ ಇಲ್ಲದ ಮನೆ. ಇದಕ್ಕೆ ಸೌರ ವ್ಯವಸ್ಥೆಗಿಂತ ವಿದ್ಯುತ್ ಸರಬರಾಜು ಕಂಪನಿಯ ಸಂಪರ್ಕವೇ ಸೂಕ್ತ. ಸಂಪರ್ಕ ದೊರೆತರೆ ಗೃಹಜ್ಯೋತಿಯಂತಹ ಸೌಲಭ್ಯಕ್ಕೂ ಆ ಕುಟುಂಬ ಅರ್ಹವಾಗಬಹುದು.

ಎರಡನೆಯದು, ಅರಣ್ಯದ ಒಳಗೆ ಅಥವಾ ಬಹು ದೂರದಲ್ಲಿದ್ದು ಸದ್ಯದಲ್ಲಿ ಕಂಬ ತಲುಪುವ ಸಾಧ್ಯತೆ ಇಲ್ಲದ ಮನೆ. ಸ್ವತಂತ್ರ ಸೌರ ವ್ಯವಸ್ಥೆಯ ಅನುದಾನ ಮುಖ್ಯವಾಗಿ ಇಂತಹ ಮನೆಗಳಿಗಾಗಿಯೇ ಇದೆ.

ಮೂರನೆಯದು, ಹಿಂದೆ ಸೌರ ದೀಪ ಪಡೆದು ಈಗ ಅದು ಕೆಟ್ಟಿರುವ ಮನೆ. ಲೇಖನದ ಆರಂಭದಲ್ಲಿ ಹೇಳಿದ ಮನೆ ಇದೇ. ಇದನ್ನು ಪ್ರತ್ಯೇಕ ಪಟ್ಟಿ ಮಾಡಿ, ಯಾವ ಯೋಜನೆಯಲ್ಲಿ ಯಾವ ವರ್ಷ ಅಳವಡಿಸಲಾಯಿತು, ಕೆಟ್ಟಿರುವುದು ಫಲಕವೋ ಬ್ಯಾಟರಿಯೋ ವೈರಿಂಗೋ ಎಂಬುದನ್ನು ಬರೆದಿಡಬೇಕು. ಅನೇಕ ಕಡೆ ಫಲಕ ಸುಸ್ಥಿತಿಯಲ್ಲಿದ್ದು ಬ್ಯಾಟರಿ ಮಾತ್ರ ಬದಲಾಗಬೇಕಿರುತ್ತದೆ. ಅಂತಹ ಮನೆಗೆ ಹೊಸ ವ್ಯವಸ್ಥೆಯನ್ನೇ ಕೇಳುವುದು ಹಣದ ಅಪವ್ಯಯ. ಏನನ್ನೂ ಕೇಳದಿರುವುದು ಅನ್ಯಾಯ.

ನಾಲ್ಕನೆಯದು ಸಾಮುದಾಯಿಕ ಕಟ್ಟಡಗಳು. ಅಂಗನವಾಡಿ, ಆಶ್ರಮ ಶಾಲೆ, ಸಮುದಾಯ ಭವನ, ಕುಡಿಯುವ ನೀರಿನ ಪಂಪು, ಬೀದಿದೀಪ ಇವು ಈ ಸಾಲಿಗೆ ಸೇರುತ್ತವೆ.

ಗಣತಿಯ ವೇಳೆ ಮಾಡಿನ ಸ್ವರೂಪವನ್ನೂ ದಾಖಲಿಸಬೇಕು. ಹುಲ್ಲು ಅಥವಾ ಹಳೆಯ ಹೆಂಚಿನ ಮಾಡು ಫಲಕದ ಭಾರ ತಾಳದು. ಅಲ್ಲಿ ಅಂಗಳದಲ್ಲಿ ಪ್ರತ್ಯೇಕ ಕಂಬ ಬೇಕು. ಮರದ ನೆರಳು ಎಷ್ಟು ಹೊತ್ತು ಬೀಳುತ್ತದೆ, ಆನೆಗಳ ಓಡಾಟವಿದೆಯೇ ಎಂಬುದನ್ನೂ ಆ ಮನೆಯವರನ್ನೇ ಕೇಳಿ ಬರೆದುಕೊಳ್ಳಬೇಕು. ದೂರದ ಕಚೇರಿಯಲ್ಲಿ ತಯಾರಾಗುವ ಅಂದಾಜು ಪಟ್ಟಿಯಲ್ಲಿ ಈ ವಿಷಯಗಳು ಇರುವುದಿಲ್ಲ.

3. ಅನುದಾನದ ಮೂಲಗಳು

ಅ) ಪಿಎಂ ಜನ್‌ಮನ್. ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಸಮುದಾಯಗಳಿಗಾಗಿ ಕೇಂದ್ರ ಸರ್ಕಾರ 2023ರ ನವೆಂಬರ್ 15ರಂದು ಆರಂಭಿಸಿದ ಅಭಿಯಾನವಿದು. ದೇಶದಲ್ಲಿ ಇಂತಹ 75 ಸಮುದಾಯಗಳಿದ್ದು, ಕರ್ನಾಟಕದಲ್ಲಿ ಜೇನುಕುರುಬ ಮತ್ತು ಕೊರಗ ಸಮುದಾಯಗಳು ಈ ಪಟ್ಟಿಯಲ್ಲಿವೆ. 2023-24ರಿಂದ 2025-26ರವರೆಗಿನ ಅವಧಿಗೆ ಒಟ್ಟು 24,104 ಕೋಟಿ ರೂಪಾಯಿ ನಿಗದಿಯಾಗಿದ್ದು, 9 ಸಚಿವಾಲಯಗಳ ಮೂಲಕ 11 ಬಗೆಯ ಸೌಲಭ್ಯಗಳನ್ನು ಇದರಡಿ ಒದಗಿಸಲಾಗುತ್ತದೆ. ಅವುಗಳಲ್ಲಿ ಎರಡು ವಿದ್ಯುತ್ತಿಗೆ ಸಂಬಂಧಿಸಿದವು: ಸಂಪರ್ಕ ಸಾಧ್ಯವಿರುವ ಮನೆಗಳಿಗೆ ವಿದ್ಯುತ್ ಜಾಲದ ಮೂಲಕ ಸಂಪರ್ಕ, ಸಾಧ್ಯವಿಲ್ಲದ ಮನೆಗಳಿಗೆ ಸೌರ ವ್ಯವಸ್ಥೆ.

ಸೌರ ಭಾಗಕ್ಕಾಗಿ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 2024ರ ಜನವರಿಯಲ್ಲಿ ಪ್ರತ್ಯೇಕ ಸೌರಶಕ್ತಿ ಯೋಜನೆಗೆ ಅನುಮೋದನೆ ನೀಡಿತು. ದೇಶದಾದ್ಯಂತ ಒಂದು ಲಕ್ಷ ಮನೆಗಳನ್ನು ಗುರಿಯಾಗಿಸಿಕೊಂಡ ಈ ಯೋಜನೆಯ ಮೊತ್ತ 515 ಕೋಟಿ ರೂಪಾಯಿ. ಮನೆಯೊಂದಕ್ಕೆ 50,000 ರೂಪಾಯಿವರೆಗೆ ನೆರವಿದೆ. ವಿದ್ಯುತ್ ಜಾಲ ತಲುಪದ ಕಡೆಯ ವಿವಿಧೋದ್ದೇಶ ಕೇಂದ್ರಗಳಿಗೆ ಕೇಂದ್ರವೊಂದಕ್ಕೆ 1 ಲಕ್ಷ ರೂಪಾಯಿ ಅವಕಾಶವಿದೆ.

ಆ) ಧರ್ತಿ ಆಬಾ ಜನಜಾತೀಯ ಗ್ರಾಮ ಉತ್ಕರ್ಷ ಅಭಿಯಾನ. ಸೋಲಿಗ, ಕಾಡುಕುರುಬ, ಮಲೆಕುಡಿಯ, ಯರವ ಮೊದಲಾದ ಸಮುದಾಯಗಳು ಜನ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಇತರ ಪರಿಶಿಷ್ಟ ಪಂಗಡಗಳ ಗ್ರಾಮಗಳನ್ನೂ ಒಳಗೊಳ್ಳುವ ಈ ಅಭಿಯಾನಕ್ಕೆ 2024ರ ಅಕ್ಟೋಬರ್ 2ರಂದು ಚಾಲನೆ ದೊರೆಯಿತು. ಒಟ್ಟು ಮೊತ್ತ 79,156 ಕೋಟಿ ರೂಪಾಯಿ. ವ್ಯಾಪ್ತಿ ಸುಮಾರು 63,000 ಗ್ರಾಮಗಳು. ವಿದ್ಯುತ್ ಜಾಲ ತಲುಪದ ಮನೆಗಳಿಗೂ ಸಾರ್ವಜನಿಕ ಸಂಸ್ಥೆಗಳಿಗೂ ಸೌರ ವ್ಯವಸ್ಥೆ ಒದಗಿಸಲು ಇಲ್ಲಿ ಅವಕಾಶವಿದೆ. ತಮ್ಮ ಗ್ರಾಮ ಆಯ್ಕೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಸದಸ್ಯರು ಮೊದಲು ಖಚಿತಪಡಿಸಿಕೊಳ್ಳಬೇಕು.

ಇ) ಬುಡಕಟ್ಟು ಉಪಯೋಜನೆ. ಅನುಸೂಚಿತ ಜಾತಿಗಳ ಉಪಹಂಚಿಕೆ ಮತ್ತು ಬುಡಕಟ್ಟು ಉಪಹಂಚಿಕೆಗೆ ಸಂಬಂಧಿಸಿದ 2013ರ ರಾಜ್ಯ ಅಧಿನಿಯಮದಂತೆ, ಪರಿಶಿಷ್ಟ ಪಂಗಡಗಳ ಜನಸಂಖ್ಯೆಯ ಪ್ರಮಾಣಕ್ಕೆ ಅನುಗುಣವಾಗಿ ಅನುದಾನ ಮೀಸಲಿಡಬೇಕು. 2011ರ ಜನಗಣತಿಯಂತೆ ಈ ಪ್ರಮಾಣ ಶೇ 6.95. ಇದಲ್ಲದೆ ಸಂವಿಧಾನದ 275(1)ನೇ ಅನುಚ್ಛೇದದಡಿ ಬುಡಕಟ್ಟು ಕಲ್ಯಾಣಕ್ಕಾಗಿ ಕೇಂದ್ರದಿಂದ ರಾಜ್ಯಕ್ಕೆ ಸಹಾಯಾನುದಾನ ಬರುತ್ತದೆ. ಈ ಮೂಲಗಳ ಪ್ರಸ್ತಾವನೆಗಳನ್ನು ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಸಮನ್ವಯಾಧಿಕಾರಿಗಳ ಕಚೇರಿಗೆ, ಅಂತಹ ಕಚೇರಿ ಇಲ್ಲದ ಜಿಲ್ಲೆಗಳಲ್ಲಿ ಪರಿಶಿಷ್ಟ ವರ್ಗಗಳ ಕಲ್ಯಾಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಕೇಂದ್ರದ ಅಭಿಯಾನಗಳಲ್ಲಿ ಹೊಸ ಉಪಕರಣಕ್ಕೆ ಮಾತ್ರ ಅವಕಾಶವಿದ್ದಾಗ, ಕೆಟ್ಟಿರುವ ವ್ಯವಸ್ಥೆಯ ಪುನಶ್ಚೇತನಕ್ಕೆ ಈ ಮೂಲಗಳಿಂದ ಬೇಡಿಕೆ ಸಲ್ಲಿಸಿ ನೋಡಬಹುದು.

ಈ) ಪಂಚಾಯಿತಿಯ ಕೈಯಲ್ಲೇ ಇರುವ ಹಣ. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ; ಅದನ್ನು ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಬಳಸಬೇಕು. ಉಳಿದ ಶೇ 40 ಅನಿರ್ಬಂಧಿತ. ವೇತನ ಹಾಗೂ ಆಡಳಿತ ವೆಚ್ಚ ಹೊರತುಪಡಿಸಿ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಅದನ್ನು ಬಳಸಬಹುದು. ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗಾಗಿ ಮೀಸಲಿಡಬೇಕಾದ ಪಾಲೂ ಇದೆ. ಮೊತ್ತ ಚಿಕ್ಕದಾದರೂ ನಿರ್ವಹಣೆಗೆ ಹೆಚ್ಚು ಒದಗುವ ಹಣ ಇದೇ; ಏಕೆಂದರೆ ಇದು ಪ್ರತಿ ವರ್ಷ ಬರುತ್ತದೆ.

ಉ) ಇತರ ಮೂಲಗಳು. ಪಿಎಂ ಸೂರ್ಯ ಘರ್ ಯೋಜನೆ ವಿದ್ಯುತ್ ಸಂಪರ್ಕವಿರುವ ಮನೆಗಳಿಗೆ ಸೀಮಿತವಾದದ್ದು. 2 ಕಿಲೋವಾಟ್‌ವರೆಗೆ ಪ್ರತಿ ಕಿಲೋವಾಟ್‌ಗೆ 30,000 ರೂಪಾಯಿಯಂತೆ, 3 ಕಿಲೋವಾಟ್ ಮತ್ತು ಅದಕ್ಕೂ ಹೆಚ್ಚಿನ ಘಟಕಕ್ಕೆ ಗರಿಷ್ಠ 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ತಿಂಗಳಿಗೆ ಕೆಲವೇ ಯೂನಿಟ್ ಬಳಸುವ ಹಾಡಿಯ ಮನೆಗೆ ಇದರಿಂದ ಲಾಭ ಕಡಿಮೆ; ಹಾಡಿಯ ಜನರ ಮೇಲೆ ಇದನ್ನು ಹೇರಬಾರದು. ಅರಣ್ಯ ಹಕ್ಕುಪತ್ರ ಪಡೆದು ಸಾಗುವಳಿ ಮಾಡುತ್ತಿರುವ ಕುಟುಂಬಗಳಿಗೆ ಪಿಎಂ ಕುಸುಮ್ ಯೋಜನೆಯ ಸೌರ ಪಂಪಿನ ಬಗ್ಗೆ ಕೃಷಿ ಹಾಗೂ ಇಂಧನ ಇಲಾಖೆಗಳಲ್ಲಿ ವಿಚಾರಿಸಬಹುದು. ಸಂಸದರ ಹಾಗೂ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಮತ್ತು 2013ರ ಕಂಪನಿ ಕಾಯ್ದೆಯ 135ನೇ ಪ್ರಕರಣದಂತೆ ಕಂಪನಿಗಳು ವ್ಯಯಿಸಬೇಕಾದ ಸಾಮಾಜಿಕ ಹೊಣೆಗಾರಿಕೆ ನಿಧಿ ಸಾಮುದಾಯಿಕ ಸೌಲಭ್ಯಗಳಿಗೆ ಒದಗಬಹುದು.

ಮೇಲಿನ ಅಭಿಯಾನಗಳ ಅವಧಿ ಹಾಗೂ ಮಾರ್ಗಸೂಚಿಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತವೆ. ಪ್ರಸ್ತಾವನೆ ಸಿದ್ಧಪಡಿಸುವ ಮುನ್ನ ಪ್ರಸಕ್ತ ವರ್ಷದ ಸ್ಥಿತಿಯನ್ನು ಸಂಬಂಧಿಸಿದ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಸೂಕ್ತ.

4. "ಅರಣ್ಯ ಭೂಮಿ, ಆಗುವುದಿಲ್ಲ" ಎಂಬ ಉತ್ತರ ಬಂದಾಗ

ಅನೇಕ ಪ್ರಸ್ತಾವನೆಗಳು ನಿಲ್ಲುವುದು ಈ ಒಂದು ಮಾತಿನಲ್ಲಿ. ಸದಸ್ಯರು ಅರಣ್ಯ ಹಕ್ಕುಗಳ ಕಾಯ್ದೆಯ 3(2)ನೇ ಪ್ರಕರಣವನ್ನು ತಿಳಿದಿರಬೇಕು. ಅರಣ್ಯವಾಸಿಗಳಿಗಾಗಿ ಸರ್ಕಾರವು ನಿರ್ವಹಿಸುವ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಭೂಮಿ ಬಳಸಲು ಆ ಪ್ರಕರಣ ಅವಕಾಶ ನೀಡುತ್ತದೆ. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ, ಸಮುದಾಯ ಭವನಗಳ ಜೊತೆಗೆ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳು ಹಾಗೂ ಅಸಾಂಪ್ರದಾಯಿಕ ಇಂಧನ ಮೂಲಗಳು ಆ 13ರಲ್ಲಿ ಸೇರಿವೆ.

ನಿಬಂಧನೆಗಳು ಮೂರು. ಪ್ರತಿ ಪ್ರಕರಣದಲ್ಲಿ ಭೂಮಿ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು. ಗ್ರಾಮಸಭೆಯ ಶಿಫಾರಸು ಇರಬೇಕು. ಶಿಫಾರಸಿನೊಂದಿಗೆ ಸಲ್ಲಿಕೆಯಾದ ಪ್ರಸ್ತಾವನೆಯನ್ನು ಸ್ಥಳ ಪರಿಶೀಲನೆಯ ನಂತರ ವಿಭಾಗೀಯ ಅರಣ್ಯಾಧಿಕಾರಿಗಳು ಪರಿಗಣಿಸುತ್ತಾರೆ. ಅವರು ಒಪ್ಪದಿದ್ದಲ್ಲಿ ವಿಷಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಬರುತ್ತದೆ. ಅಂದರೆ, ಮೌಖಿಕವಾದ ಒಂದು "ಇಲ್ಲ" ಅಂತಿಮ ಉತ್ತರವಲ್ಲ.

ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಹಾಗೂ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ವನ್ಯಜೀವಿ ಕಾಯ್ದೆಯಡಿ ಬೇರೆ ಅನುಮತಿಗಳೂ ಬೇಕಾಗಬಹುದು. ಅರಣ್ಯ ಇಲಾಖೆಯೊಂದಿಗೆ ಮೊದಲೇ ಸಮಾಲೋಚಿಸಬೇಕು. ಎರಡು, ಸೌಲಭ್ಯವು ಸರ್ಕಾರ ನಿರ್ವಹಿಸುವಂಥದ್ದಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಖಾಸಗಿ ಕಂಪನಿಯೋ ಸಂಸ್ಥೆಯೋ ನೇರವಾಗಿ ಬಂದು ಕಾಡಿನಲ್ಲಿ ಘಟಕ ಸ್ಥಾಪಿಸುವುದಕ್ಕೆ ಈ ಪ್ರಕರಣ ನೆರವಾಗದು. ಆದ್ದರಿಂದ ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯ. ವಾಸದ ಮನೆಯ ಮಾಡಿನ ಮೇಲೆಯೇ ಫಲಕ ಕೂರಿಸುವಾಗ ಪ್ರತ್ಯೇಕ ಭೂಮಿಯ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ ಎಂಬುದೂ ಗಮನಾರ್ಹ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ಗ್ರಾಮಸಭೆಗಳು ಹುಲಿ ಸಂರಕ್ಷಿತ ಪ್ರದೇಶದೊಳಗಿದ್ದೂ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳನ್ನು ಪಡೆದವು. ಸಭೆ ಸೇರಿ, ದಾಖಲೆ ಸಿದ್ಧಪಡಿಸಿ, ಕಾನೂನಿನ ದಾರಿಯಲ್ಲಿ ನಡೆದರೆ ಕಾಡಿನೊಳಗಿನ ಜನವಸತಿಯ ಮಾತಿಗೂ ಮನ್ನಣೆ ದೊರೆಯುತ್ತದೆ ಎಂಬುದಕ್ಕೆ ಇದು ನಿದರ್ಶನ.

5. ಮಿತಬಳಕೆ: ಅಗ್ಗದ ವಿದ್ಯುತ್ತು

ಸೌರಶಕ್ತಿಯ ಮಾತು ಬಂದಾಗ ಫಲಕದ ಗಾತ್ರದ ಬಗ್ಗೆಯೇ ಚರ್ಚೆ ನಡೆಯುತ್ತದೆ. ಆ ವಿದ್ಯುತ್ತನ್ನು ಯಾವ ಉಪಕರಣ ಬಳಸುತ್ತದೆ ಎಂಬುದು ಅಷ್ಟೇ ಮುಖ್ಯ. 300 ವಾಟ್ ಫಲಕವಿರುವ ಒಂದು ಮನೆಯ ಲೆಕ್ಕ ನೋಡೋಣ. ದಿನಕ್ಕೆ 4 ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದರೆ 1,200 ವಾಟ್-ಗಂಟೆ ಉತ್ಪಾದನೆ; ಬ್ಯಾಟರಿ ಮತ್ತು ತಂತಿಗಳ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 840.

ಈ ಮನೆಯಲ್ಲಿ 9 ವಾಟಿನ ಐದು ಎಲ್‌ಇಡಿ ದೀಪಗಳು 5 ಗಂಟೆ ಉರಿದರೆ 225, 30 ವಾಟಿನ ಮಿತವ್ಯಯದ ಫ್ಯಾನು 8 ಗಂಟೆ ತಿರುಗಿದರೆ 240, ಮೊಬೈಲ್ ಚಾರ್ಜಿಗೆ 35. ಒಟ್ಟು 500 ವಾಟ್-ಗಂಟೆ. ಮೋಡದ ದಿನಕ್ಕೆ ಒಂದಿಷ್ಟು ಉಳಿಯುತ್ತದೆ. ಅದೇ ಮನೆಯಲ್ಲಿ 60 ವಾಟಿನ ಐದು ಹಳೆಯ ಬಲ್ಬುಗಳೂ 75 ವಾಟಿನ ಸಾಧಾರಣ ಫ್ಯಾನೂ ಇದ್ದರೆ, ಅಷ್ಟೇ ಹೊತ್ತಿಗೆ 2,100 ವಾಟ್-ಗಂಟೆ ಬೇಕು. ಅಂದರೆ ಸುಮಾರು ಎರಡೂವರೆ ಪಟ್ಟು ದೊಡ್ಡ ವ್ಯವಸ್ಥೆ ಬೇಕು. ಹೀಗಾಗಿ ಸೌರ ವ್ಯವಸ್ಥೆಯ ಅಂದಾಜಿನಲ್ಲಿ ದೀಪ ಮತ್ತು ಫ್ಯಾನುಗಳೂ ಸೇರಿರಬೇಕು. ಅವು ಕೆಟ್ಟಾಗ ಪೇಟೆಯ ಹಳೆ ಮಾದರಿಯ ಬಲ್ಬು ತಂದು ಹಾಕಿದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ ಎಂಬುದನ್ನು ಮನೆಯವರಿಗೆ ತಿಳಿಸಬೇಕು.

ಪಂಚಾಯಿತಿಯ ಬೀದಿದೀಪಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಚೋಕು ಸೇರಿ 50 ವಾಟ್ ಎಳೆಯುವ 50 ಹಳೆಯ ಟ್ಯೂಬ್‌ಲೈಟುಗಳ ಬದಲು 20 ವಾಟಿನ ಎಲ್‌ಇಡಿ ದೀಪಗಳನ್ನು ಹಾಕಿದರೆ, ರಾತ್ರಿಗೆ 11 ಗಂಟೆಯಂತೆ ದಿನಕ್ಕೆ 16.5 ಯೂನಿಟ್, ವರ್ಷಕ್ಕೆ ಸುಮಾರು 6,000 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ ವರ್ಷಕ್ಕೆ 42,000 ರೂಪಾಯಿ. ಈ ಮೊತ್ತವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಭಾಗವನ್ನು ಓದಬೇಕೆಂದು ಕೋರಿಕೆ.

6. ಐದನೆಯ ವರ್ಷದ ಲೆಕ್ಕ

ಉತ್ತಮ ಸೌರ ಫಲಕ 20ರಿಂದ 25 ವರ್ಷ ಬಾಳುತ್ತದೆ. ಆಮ್ಲ-ಸೀಸದ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೆ ಬದಲಾಗಬೇಕು. ಲಿಥಿಯಂ ಬ್ಯಾಟರಿ ಹೆಚ್ಚು ಕಾಲ ಬಂದರೂ ಅದಕ್ಕೂ ಕೊನೆಯಿದೆ. ಅನುದಾನದೊಂದಿಗೆ ಬರುವ ಉಚಿತ ನಿರ್ವಹಣೆಯೂ ಒಂದು ಅವಧಿಗೆ ಸೀಮಿತ. ಉದಾಹರಣೆಗೆ, 2017ರಲ್ಲಿ ಆರಂಭವಾದ ಸೌಭಾಗ್ಯ ಯೋಜನೆಯಲ್ಲಿ ದೂರದ ಮನೆಗಳಿಗೆ 200ರಿಂದ 300 ವಾಟ್ ಫಲಕ, ಐದು ಎಲ್‌ಇಡಿ ದೀಪ, ಒಂದು ಫ್ಯಾನು ನೀಡಿದಾಗ ದುರಸ್ತಿ ಮತ್ತು ನಿರ್ವಹಣೆಯ ಅವಧಿ 5 ವರ್ಷವೆಂದು ನಿಗದಿಯಾಗಿತ್ತು. ಬ್ಯಾಟರಿಯ ಆಯುಷ್ಯವೂ ನಿರ್ವಹಣೆಯ ಒಪ್ಪಂದವೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಮುಗಿಯುತ್ತವೆ. ದೀಪ ಆರುವುದು ಆಗಲೇ.

40 ಮನೆಗಳ ಒಂದು ಹಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಬ್ಯಾಟರಿಗೆ 8,000 ರೂಪಾಯಿ ಎಂದು ಭಾವಿಸಿದರೆ ಐದನೆಯ ವರ್ಷದ ಕೊನೆಗೆ 3,20,000 ರೂಪಾಯಿ ಬೇಕು. ಪ್ರತಿ ಮನೆ ತಿಂಗಳಿಗೆ 50 ರೂಪಾಯಿಯಂತೆ ಕೂಡಿಟ್ಟರೆ ಐದು ವರ್ಷಕ್ಕೆ ಮನೆಗೆ 3,000, ಹಾಡಿಗೆ 1,20,000 ರೂಪಾಯಿ ಆಗುತ್ತದೆ. ಕೊರತೆ 2,00,000 ರೂಪಾಯಿ, ಎಂದರೆ ವರ್ಷಕ್ಕೆ 40,000 ರೂಪಾಯಿ.

ಕೂಲಿಯನ್ನೂ ಕಿರು ಅರಣ್ಯ ಉತ್ಪನ್ನವನ್ನೂ ನಂಬಿದ ಕುಟುಂಬಗಳಿಂದ ಈ ಇಡೀ ಮೊತ್ತವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಕೂಲಿ ಇಲ್ಲದ ತಿಂಗಳುಗಳೂ ಇರುತ್ತವೆ. ಆದರೆ ವರ್ಷಕ್ಕೆ 40,000 ರೂಪಾಯಿ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಒಂದು ಸಾಲು ಮಾತ್ರ. ಮೇಲಿನ ಉದಾಹರಣೆಯಲ್ಲಿ ಬೀದಿದೀಪಗಳ ಬದಲಾವಣೆಯಿಂದ ಉಳಿದದ್ದೂ ಹೆಚ್ಚು ಕಡಿಮೆ ಅಷ್ಟೇ. ಊರಿನ ಬೀದಿಯಲ್ಲಿ ಉಳಿಸಿದ ವಿದ್ಯುತ್ತು ಹಾಡಿಯ ಮನೆಯಲ್ಲಿ ಬೆಳಕಾಗಬಹುದು. ಈ ಉಳಿತಾಯ ತಾನಾಗಿ ಹಾಡಿಯನ್ನು ತಲುಪುವುದಿಲ್ಲ. ಬಿಲ್ಲು ಯಾವ ನಿಧಿಯಿಂದ ಪಾವತಿಯಾಗುತ್ತಿದೆ, ಆ ನಿಧಿಯ ನಿಯಮವೇನು ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೊಂದಿಗೆ ಪರಿಶೀಲಿಸಿ, ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಂಡು, ಪ್ರತಿ ವರ್ಷದ ಆಯವ್ಯಯದಲ್ಲಿ ನಿರ್ವಹಣಾ ಮೊತ್ತವನ್ನು ತೋರಿಸಬೇಕು. ಮೇಲಿನ ಬೆಲೆಗಳು ಲೆಕ್ಕದ ಕ್ರಮ ತೋರಿಸಲು ಹಿಡಿದವು. ತಮ್ಮ ತಾಲೂಕಿನ ದರ ಪಡೆದು ಸದಸ್ಯರು ಇದೇ ಲೆಕ್ಕವನ್ನು ಮಾಡಿ ನೋಡಬೇಕು.

ಹಣದಷ್ಟೇ ಮುಖ್ಯವಾದದ್ದು ಕೈ. ಫಲಕದ ಧೂಳು ಒರೆಸುವುದು, ಬ್ಯಾಟರಿಯ ನೀರಿನ ಮಟ್ಟ ನೋಡುವುದು, ಸಡಿಲವಾದ ತಂತಿ ಬಿಗಿ ಮಾಡುವುದು, ಫ್ಯೂಸ್ ಬದಲಿಸುವುದು ಇವುಗಳಿಗೆ ಪಟ್ಟಣದಿಂದ ತಂತ್ರಜ್ಞರು ಬರಬೇಕಾಗಿಲ್ಲ. ಹಾಡಿಯ ಇಬ್ಬರು ಯುವಕ ಯುವತಿಯರಿಗೆ ಅಳವಡಿಕೆಯ ಸಮಯದಲ್ಲೇ ತರಬೇತಿ ನೀಡುವಂತೆ ಕಾರ್ಯಾದೇಶದಲ್ಲಿ ಷರತ್ತು ಸೇರಿಸಬೇಕೆಂದು ಪಂಚಾಯಿತಿ ಕೋರಬಹುದು. ಹಳೆಯ ಬ್ಯಾಟರಿಯನ್ನು ಒಡೆಯಬಾರದು, ಗುಜರಿಗೂ ಹಾಕಬಾರದು. ಅದರ ಸೀಸವೂ ಆಮ್ಲವೂ ಮಕ್ಕಳಿಗೆ, ನೀರಿಗೆ ಅಪಾಯಕಾರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ತಯಾರಕರ ಸಂಗ್ರಹ ವ್ಯವಸ್ಥೆಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಅದನ್ನು ಹಿಂದಿರುಗಿಸಬೇಕು.

7. ಹಾಡಿಯಲ್ಲೇ ಸಭೆ ಸೇರಲಿ

ಪಂಚಾಯಿತಿ ಕೇಂದ್ರದಲ್ಲಿ ಕರೆದ ಗ್ರಾಮಸಭೆಗೆ ಹತ್ತಾರು ಕಿಲೋಮೀಟರ್ ದೂರದ ಹಾಡಿಯ ಜನ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬಂದರೂ ಹಿಂದಿನ ಸಾಲಿನಲ್ಲಿ ನಿಂತು ಹೋಗುತ್ತಾರೆ. ಅರಣ್ಯ ಹಕ್ಕುಗಳ ಕಾಯ್ದೆಯು ಅರಣ್ಯ ಗ್ರಾಮಗಳನ್ನೂ ಹಳೆಯ ಜನವಸತಿಗಳನ್ನೂ, ಅವು ಗ್ರಾಮವೆಂದು ಅಧಿಸೂಚಿತವಾಗಿರಲಿ ಇಲ್ಲದಿರಲಿ, 'ಗ್ರಾಮ'ದ ವ್ಯಾಖ್ಯೆಯಲ್ಲಿ ಸೇರಿಸಿದೆ. 2012ರ ತಿದ್ದುಪಡಿ ನಿಯಮಗಳಂತೆ ಈ ಗ್ರಾಮಸಭೆಗೆ ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನರ ಹಾಜರಿ ಬೇಕು. ಹಾಜರಿದ್ದವರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಆದ್ದರಿಂದ ಸಭೆ ಹಾಡಿಯಲ್ಲೇ, ಜನ ಕೂಲಿಯಿಂದ ಮರಳುವ ಹೊತ್ತಿಗೆ ನಡೆಯಲಿ.

ಆ ಸಭೆಯಲ್ಲಿ ಜನರನ್ನು ಕೇಳಬೇಕಾದ ಪ್ರಶ್ನೆ "ಸೋಲಾರ್ ಬೇಕೇ?" ಎಂಬುದಲ್ಲ, ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಮೊದಲ ದೀಪ ಎಲ್ಲಿರಬೇಕು: ಒಲೆಯ ಬಳಿಯೋ, ಮಕ್ಕಳು ಓದುವಲ್ಲೋ, ರಾತ್ರಿ ಹೊರಹೋಗುವ ದಾರಿಯಲ್ಲೋ? ಪ್ರತಿ ಮನೆಗೆ ಪ್ರತ್ಯೇಕ ವ್ಯವಸ್ಥೆಯೋ, ಒತ್ತಾಗಿರುವ ಮನೆಗಳಿಗೆ ಒಂದು ಸಾಮುದಾಯಿಕ ಘಟಕವೋ? ತಿಂಗಳಿಗೆ ಎಷ್ಟು ಹಣ ಕೂಡಿಡಲು ಸಾಧ್ಯ, ಅದನ್ನು ಸ್ವಸಹಾಯ ಸಂಘ ನೋಡಿಕೊಳ್ಳಬೇಕೋ ಲ್ಯಾಂಪ್ಸ್ ಸಹಕಾರ ಸಂಘವೋ? ಕೆಟ್ಟಾಗ ಯಾರಿಗೆ ಹೇಳಬೇಕು? ಈ ಪ್ರಶ್ನೆಗಳಿಗೆ ಮಹಿಳೆಯರು ಕೊಡುವ ಉತ್ತರ ಗಂಡಸರ ಉತ್ತರಕ್ಕಿಂತ ಬೇರೆಯಾಗಿರುವ ಸಂದರ್ಭಗಳೇ ಹೆಚ್ಚು. ಎರಡನ್ನೂ ನಡವಳಿಯಲ್ಲಿ ದಾಖಲಿಸಬೇಕು.

8. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1) ತಮ್ಮ ವ್ಯಾಪ್ತಿಯ ಪ್ರತಿ ಹಾಡಿ, ಪೋಡು ಹಾಗೂ ಕಾಲೊನಿಯ ಮನೆಗಣತಿ ಮಾಡಿ, ಭಾಗ 2ರಲ್ಲಿ ತಿಳಿಸಿದಂತೆ ನಾಲ್ಕು ಪಟ್ಟಿಗಳನ್ನು ಸಿದ್ಧಪಡಿಸುವುದು.

2) ಹಾಡಿಯಲ್ಲಿ ಸಭೆ ನಡೆಸಿ ಬೇಡಿಕೆ, ಸ್ಥಳ ಹಾಗೂ ನಿರ್ವಹಣೆಯ ಬಗ್ಗೆ ನಿರ್ಣಯ ಕೈಗೊಳ್ಳುವುದು, ಅರಣ್ಯ ಭೂಮಿ ಬೇಕಾದಲ್ಲಿ 3(2)ನೇ ಪ್ರಕರಣದ ಶಿಫಾರಸನ್ನು ಪ್ರತ್ಯೇಕ ನಿರ್ಣಯವಾಗಿ ಬರೆಯುವುದು.

3) ಬೇಡಿಕೆಯನ್ನು 'ನಮ್ಮ ಗ್ರಾಮ ನಮ್ಮ ಯೋಜನೆ'ಯಡಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

4) ಪ್ರಸ್ತಾವನೆಯನ್ನು ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ ಹಾಗೂ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗಕ್ಕೆ ಏಕಕಾಲದಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.

5) ಕಾರ್ಯಾದೇಶದ ಪ್ರತಿ ಪಡೆದು, ಖಾತರಿಯ ಅವಧಿ, ನಿರ್ವಹಣೆಯ ವರ್ಷಗಳು, ದೂರು ನೀಡಿದ ಎಷ್ಟು ದಿನದೊಳಗೆ ದುರಸ್ತಿಯಾಗಬೇಕು ಎಂಬುದನ್ನು ಹಾಡಿಯ ಸಭೆಯಲ್ಲಿ ಓದಿ ಹೇಳುವುದು.

6) ಸಾಮುದಾಯಿಕ ಉಪಕರಣಗಳನ್ನು ಕ್ರಮಸಂಖ್ಯೆ ಸಹಿತ ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾಖಲಿಸುವುದು. ಬೀದಿದೀಪಗಳ ಬ್ಯಾಟರಿ ಕಳವಾದಾಗ ದೂರು ನೀಡಲು ಈ ದಾಖಲೆ ಅಗತ್ಯ.

7) ಪ್ರತಿ ವರ್ಷದ ಆಯವ್ಯಯದಲ್ಲಿ ನಿರ್ವಹಣಾ ಮೊತ್ತವನ್ನು ಕಾಯ್ದಿರಿಸುವುದು, ಆರು ತಿಂಗಳಿಗೊಮ್ಮೆ ಎಷ್ಟು ದೀಪ ಉರಿಯುತ್ತಿವೆ, ಎಷ್ಟು ಆರಿವೆ ಎಂಬ ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದೆ ಇಡುವುದು.

ಅಳವಡಿಸಿದ ಘಟಕಗಳ ಸಂಖ್ಯೆಯನ್ನು ಪ್ರಗತಿ ವರದಿಯಲ್ಲಿ ತೋರಿಸುವುದು ಸುಲಭ. ಅಳವಡಿಸಿ ಆರು ವರ್ಷ ಕಳೆದ ಮೇಲೂ ಸಂಜೆಯಾದಾಗ ಎಷ್ಟು ಮನೆಗಳಲ್ಲಿ ಬೆಳಕಿದೆ ಎಂಬ ಸಂಖ್ಯೆಯೇ ನಿಜವಾದ ಪ್ರಗತಿ. ಆ ಸಂಖ್ಯೆಯನ್ನು ಕಣ್ಣಾರೆ ಕಂಡು ಬರೆಯಬಲ್ಲವರು ಆ ವಾರ್ಡಿನ ಸದಸ್ಯರು. ಮೇಲಿನ ಏಳು ಅಂಶಗಳಲ್ಲಿ ಮೊದಲನೆಯದಾದ ಮನೆಗಣತಿಯನ್ನು ಮುಂದಿನ ವಾರ್ಡ್ ಸಭೆಗೆ ಮುನ್ನ ಪೂರ್ಣಗೊಳಿಸಿ, ಕೆಟ್ಟಿರುವ ದೀಪಗಳ ಪಟ್ಟಿಯನ್ನು ಆ ಸಭೆಯ ಮೊದಲ ವಿಷಯವಾಗಿ ಮಂಡಿಸಬೇಕೆಂದು ಎಲ್ಲ ಸದಸ್ಯರಲ್ಲಿ ವಿನಂತಿಸಲಾಗಿದೆ.